ಕೇಸರಿ ಮೇಲಿದೆಯೇ? ಕಟ್ಟುವಾಗಲೇ ನೋಡಿಕೊಳ್ಳಿ

ಆಗಸ್ಟ್ 15 ಎಂದರೆ ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲದ ನಡುಮಧ್ಯ. ಬಾವುಟ ನೆನೆದು ಕಂಬಕ್ಕೆ ಅಂಟಿಕೊಂಡಿರುತ್ತದೆ, ಮೇಲಿಂದ ಮಂಜು ಬೇರೆ. ಕೆಳಗೆ ನಿಂತವರಿಗೆ ಯಾವ ಬಣ್ಣ ಎಲ್ಲಿದೆ ಎಂದು ಗೊತ್ತಾಗುವುದೇ ಕಷ್ಟ. ಆಗ ಜೋತುಬಿದ್ದ ಬಟ್ಟೆಯನ್ನು ನೋಡಬೇಡಿ. ಗಾಳಿಯಿಲ್ಲದಾಗ ಮೂರೂ ಬಣ್ಣ ಒಂದರೊಳಗೊಂದು ಮಡಚಿಕೊಳ್ಳುತ್ತವೆ. ಹಗ್ಗಕ್ಕೆ ಕಟ್ಟಿದ ಅಂಚನ್ನು ನೋಡಿ. ರಾಟೆಗೆ ಹತ್ತಿರದ ಮೂಲೆ ಕೇಸರಿಯಾಗಿದ್ದರೆ ಸರಿ, ಹಸಿರಾಗಿದ್ದರೆ ತಲೆಕೆಳಗು. ಅಶೋಕ ಚಕ್ರದಿಂದ ಇದು ತಿಳಿಯುವುದಿಲ್ಲ. 24 ಗೆರೆಗಳ ಆ ಚಕ್ರ ಬುಡಮೇಲಾದರೂ ಹಾಗೆಯೇ ಕಾಣುತ್ತದೆ.

ತಪ್ಪಾಗುವುದು ನೆಲದ ಮೇಲೆ ನಿಂತು ಕಟ್ಟುವಾಗ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುಣಮಟ್ಟದ ಖಾದಿ ಬಾವುಟದ ಅಂಚಿನ ಬಿಳಿ ಪಟ್ಟಿಯೊಳಗೆ ಹಗ್ಗವಿರುತ್ತದೆ, ಅದರ ಮೇಲ್ತುದಿಗೆ ಮರದ ಚಿಕ್ಕ ತುಂಡು. ಆ ತುಂಡು ಕೇಸರಿಯ ಕಡೆಗಿರಬೇಕು. ಅಂಗಡಿಯಲ್ಲಿ ಸಿಗುವ ಎಷ್ಟೋ ಬಾವುಟಗಳಲ್ಲಿ ಇದ್ಯಾವುದೂ ಇರುವುದಿಲ್ಲ, ಹಾಗಾಗಿ ಬಣ್ಣ ನೋಡಿಯೇ ಕಟ್ಟಬೇಕು.

ರಾಟೆಯಿಂದ ಹಗ್ಗದ ಎರಡು ಎಳೆ ಕೆಳಗಿಳಿಯುತ್ತವೆ. ಒಂದರ ತುದಿಗೆ ಕೇಸರಿ ಮೂಲೆ, ಇನ್ನೊಂದರ ತುದಿಗೆ ಹಸಿರು ಮೂಲೆ. ಇನ್ನು ಎಳೆಯಬೇಕಾದದ್ದು ಹಸಿರಿಗೆ ಕಟ್ಟಿದ ಎಳೆಯನ್ನು. ಆಗ ಕೇಸರಿ ಮುಂದಾಗಿ ಮೇಲೇರುತ್ತದೆ. ಕೇಸರಿಯ ಎಳೆಯನ್ನೇ ಹಿಡಿದು ಎಳೆದರೆ ಗಂಟುಗಳೆಲ್ಲ ಸರಿಯಿದ್ದೂ ಹಸಿರು ಮೊದಲು ಮೇಲೆ ಹೋಗುತ್ತದೆ! ಕಟ್ಟಿದವರು ಒಬ್ಬರು, ಎಳೆಯುವವರು ಇನ್ನೊಬ್ಬರು ಆದಾಗ ಆಗುವ ಎಡವಟ್ಟು ಬಹುತೇಕ ಇದೇ. ಎಳೆಯಬೇಕಾದ ಎಳೆಗೆ ಕೈಗೆಟುಕುವಲ್ಲಿ ಒಂದು ದಾರ ಸುತ್ತಿಡಿ.

ಶಾಲೆಗಳಲ್ಲಿ ಬಾವುಟವನ್ನು ಗಂಟಿನಂತೆ ಮಡಚಿ ಮೊದಲೇ ಮೇಲೇರಿಸುವುದೇ ರೂಢಿ. ಇದರಲ್ಲಿ ತೊಂದರೆ ಹೆಚ್ಚು, ಏಕೆಂದರೆ ಬಿಚ್ಚುವವರೆಗೆ ಬಣ್ಣ ಕಾಣುವುದಿಲ್ಲ. ಹಿಂದಿನ ದಿನ ಮಡಚದೆ ಒಮ್ಮೆ ಏರಿಸಿ ನೋಡಿ, ಇಳಿಸಿ, ಆಮೇಲೆ ಮಡಚಿ. ಜಾರುಗಂಟು ಒಂದೇ ಸುತ್ತಿರಲಿ. ನೂಲಿನ ಹಗ್ಗ ನೆನೆದರೆ ಉಬ್ಬಿ ಬಿಗಿಯುತ್ತದೆ, ಎರಡು ಸುತ್ತು ಹಾಕಿದರೆ ಎಷ್ಟು ಜಗ್ಗಿದರೂ ಬಿಚ್ಚದು. ಒಳಗೆ ಹೂವಿನ ಎಸಳು ಇಡಲು ಧ್ವಜ ಸಂಹಿತೆಯ ಅಡ್ಡಿಯಿಲ್ಲ, ಆದರೆ ಮಳೆಯಲ್ಲಿ ಒಂದು ಹಿಡಿಗಿಂತ ಹೆಚ್ಚು ಬೇಡ, ಮುದ್ದೆಯಾಗುತ್ತದೆ.

ತಲೆಕೆಳಗಾಗಿ ಹಾರಿಬಿಟ್ಟರೆ? ರಾಷ್ಟ್ರಗೀತೆ ಶುರುವಾಗಿದ್ದರೆ ಆ 52 ಸೆಕೆಂಡು ಅಲುಗದೆ ನಿಂತು ಮುಗಿಸಿ ಎನ್ನುವುದು ನಮ್ಮ ಸಲಹೆ. ನಂತರ ನಿಧಾನವಾಗಿ ಇಳಿಸಿ, ಬಟ್ಟೆ ನೆಲಕ್ಕೆ ತಾಗದಂತೆ ಇಬ್ಬರು ಹಿಡಿದುಕೊಳ್ಳಿ, ಮೂಲೆ ಬದಲಿಸಿ ಚುರುಕಾಗಿ ಏರಿಸಿ. ಬೇಕೆಂದೇ ಕೇಸರಿಯನ್ನು ಕೆಳಗೆ ಮಾಡಿ ಹಾರಿಸುವುದು 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಯಡಿ ಅಪರಾಧ, 3 ವರ್ಷದವರೆಗೆ ಸೆರೆಯಾಗಬಹುದು. ಅರಿಯದೆ ಆದ ತಪ್ಪು ಬೇರೆ, ಆದರೆ ಕಂಡ ಮೇಲೂ ಸಂಜೆವರೆಗೆ ಹಾಗೇ ಬಿಡುವುದು ಸಲ್ಲದು.

ಹಾಸನದ ಬಿ.ಎಂ. ರಸ್ತೆಯಲ್ಲಿರಲಿ, ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿರಲಿ, ಅಂಗಡಿ ಗೋಡೆಗೆ ಬಾವುಟವನ್ನು ಉದ್ದಕ್ಕೆ ಇಳಿಬಿಟ್ಟಾಗ ಎದುರು ನಿಂತು ನೋಡುವವರ ಎಡಕ್ಕೆ ಕೇಸರಿ ಬರಬೇಕು. ರಸ್ತೆಯ ನಡುವೆ ತೂಗುಹಾಕುವುದಾದರೆ ಲೆಕ್ಕ ದಿಕ್ಕಿನದು: ಪೂರ್ವ-ಪಶ್ಚಿಮದ ರಸ್ತೆಯಲ್ಲಿ ಕೇಸರಿ ಉತ್ತರಕ್ಕೆ, ಉತ್ತರ-ದಕ್ಷಿಣದ ರಸ್ತೆಯಲ್ಲಿ ಪೂರ್ವಕ್ಕೆ. ಮೋಡ ಕವಿದ ದಿನ ಮೊಬೈಲಿನ ದಿಕ್ಸೂಚಿ ನೋಡಿಕೊಳ್ಳಿ.

ಹೋಂಸ್ಟೇಗಳವರು ವಿದೇಶಿ ಅತಿಥಿಗಳಿಗಾಗಿ ಅವರ ಬಾವುಟ ಕಟ್ಟುವುದಾದರೆ ಅಲ್ಲೂ ಇದೇ ಎಚ್ಚರ ಇರಲಿ. ಪೋಲೆಂಡಿನದು ಬಿಳಿ ಮೇಲೆ, ಕೆಂಪು ಕೆಳಗೆ; ತಿರುಗಿಸಿ ಕಟ್ಟಿದರೆ ಇಂಡೋನೇಷ್ಯಾದ್ದೇ ಆಗಿಬಿಡುತ್ತದೆ. ಬ್ರಿಟನ್ನಿನದರಲ್ಲಿ ಕಂಬದ ಪಕ್ಕದ ಮೇಲ್ಮೂಲೆಯಿಂದ ಇಳಿಯುವ ಓರೆಪಟ್ಟಿಯನ್ನು ನೋಡಿ: ಅಗಲವಾದ ಬಿಳಿ, ಕೆಂಪಿನ ಮೇಲ್ಗಡೆ ಇರಬೇಕು.