ದೋಸೆ ಕಾವಲಿಯ ಮುಂದೆ ನಿಂತ ಕಾಲು

ಮುಂಬೈಯ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ 26 ವರ್ಷದಿಂದ ದೋಸೆ ಹೊಯ್ಯುತ್ತಿದ್ದೇನೆ. ಬೆಳಿಗ್ಗೆ ಏಳಕ್ಕೆ ಕಾವಲಿಯ ಮುಂದೆ ನಿಂತರೆ ಮಧ್ಯಾಹ್ನ ಮೂರು, ಮತ್ತೆ ಸಂಜೆ ಐದರಿಂದ ರಾತ್ರಿ ಒಂಬತ್ತು. ಇಷ್ಟು ಹೊತ್ತು ನಿಂತೇ ಇರುವವನಿಗೆ ಬೇರೆ ವ್ಯಾಯಾಮ ಯಾಕೆ ಎಂದು ಎಷ್ಟೋ ಸಲ ಹೆಂಡತಿಯ ಹತ್ತಿರ ವಾದ ಮಾಡಿದ್ದೇನೆ. ನಿಲ್ಲುವುದಕ್ಕೂ ನಡೆಯುವುದಕ್ಕೂ ಕಾಲಿನ ಲೆಕ್ಕದಲ್ಲಿ ಎಷ್ಟು ದೂರ ಅಂತ ಗೊತ್ತಾಗಲಿಕ್ಕೆ ನನಗೆ 48 ವರ್ಷ ಬೇಕಾಯಿತು.

ಮೊದಲು ಸಂಜೆ ಹೊತ್ತಿಗೆ ಚಪ್ಪಲಿ ಬಿಗಿಯಾಗುತ್ತಿತ್ತು. ಬೆಳಿಗ್ಗೆ ಎದ್ದರೆ ಮತ್ತೆ ಸಡಿಲ. ಆಮೇಲೆ ನಡುರಾತ್ರಿ ಮೀನಖಂಡ ಹಿಡಿದುಕೊಂಡು ಎದ್ದು ಕೂರುವುದು ಸುರುವಾಯಿತು. ಮೊಣಕಾಲಿನ ಕೆಳಗೆ ನರ, ಅಂದರೆ ರಕ್ತನಾಳ, ಎರೆಹುಳದ ಹಾಗೆ ಸುತ್ತಿಕೊಂಡು ಎದ್ದಿತ್ತು. ಅದು ನೋಯುತ್ತಿರಲಿಲ್ಲವಾದ್ದರಿಂದ ಅದರ ಗೊಡವೆಗೆ ಹೋಗಲಿಲ್ಲ. ಬಲಗಾಲಿನ ಒಳಗಂಟಿನ ಮೇಲೆ ಚರ್ಮ ಕಪ್ಪಾಗಿ ತುರಿಸತೊಡಗಿದಾಗ ಗಜಕರ್ಣ ಅಂದುಕೊಂಡು ಮೆಡಿಕಲಿನಿಂದ ಮುಲಾಮು ತಂದು ಐದಾರು ತಿಂಗಳು ಹಚ್ಚಿದೆ. ಮುಲಾಮು ಮುಗಿಯಿತು, ಕಪ್ಪು ಉಳಿಯಿತು.

ಊರಿಗೆ ಹೋದಾಗ ಅತ್ತಿಗೆ, "ಕಾಲಲ್ಲಿ ರಕ್ತ ಓಡುವುದಿಲ್ಲ ಭಾವ, ಬಿಸಿ ಎಣ್ಣೆ ತಿಕ್ಕಿ ಬಿಸಿ ನೀರಲ್ಲಿ ಇಡಿ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಒಂದು ವಾರ ಹಂಡೆ ನೀರಿಗೆ ಕಾಲು ಇಳಿಬಿಟ್ಟೆ. ಬಾವು ಹೆಚ್ಚಾಯಿತು. ಬಿಸಿಗೆ ನರ ಇನ್ನಷ್ಟು ಹಿಗ್ಗುತ್ತದೆ ಎಂದು ಆಮೇಲೆ ತಿಳಿಯಿತು. ದಿನವಿಡೀ ಕಾವಲಿಯ ಝಳಕ್ಕೆ ನಿಲ್ಲುವವನು ರಜೆಯಲ್ಲೂ ಕಾಲು ಬೇಯಿಸಿಕೊಂಡ ಹಾಗಾಯಿತು. ಮುಂಬೈಗೆ ಬಂದು ಕ್ರೇಪ್ ಬ್ಯಾಂಡೇಜ್ ಸುತ್ತಿದೆ, ಅದೂ ಮೇಲಿನಿಂದ ಕೆಳಕ್ಕೆ. ಮೊಣಕಾಲ ಹತ್ತಿರ ಬಿಗಿ, ಪಾದದ ಹತ್ತಿರ ಸಡಿಲ. ಇರಬೇಕಾದದ್ದು ಇದರ ತಿರುಗುಮುರುಗು.

ಕೊನೆಗೆ ರಕ್ತನಾಳದ ಡಾಕ್ಟರರ ಹತ್ತಿರ ಹೋದೆ. ರಕ್ತ ಓಡುವುದಿಲ್ಲ ಅಂದದ್ದಕ್ಕೆ ಅವರು, "ಯಾವ ರಕ್ತ? ಕೆಳಗೆ ಬರುವುದಾ, ಮೇಲೆ ಹೋಗುವುದಾ?" ಎಂದು ಕೇಳಿದರು. ನನಗೆ ಇದು ಎರಡು ಬೇರೆ ಪ್ರಶ್ನೆ ಅಂತಲೇ ಗೊತ್ತಿರಲಿಲ್ಲ. ಮೊದಲು ತೋಳಿನ ಬಿಪಿ, ಆಮೇಲೆ ಪಾದದ ಗಂಟಿನ ಬಿಪಿ ನೋಡಿ, ಕಾಲಿನದನ್ನು ತೋಳಿನದರಿಂದ ಭಾಗಿಸಿದರು. 1ರ ಆಸುಪಾಸು ಬಂದರೆ ಕೆಳಗೆ ಬರುವ ದಾರಿ ಸರಿ ಇದೆ, 0.9ಕ್ಕಿಂತ ಕಡಿಮೆಯಾದರೆ ರಕ್ತ ಕೆಳಗೆ ತರುವ ಅಪಧಮನಿ ಕಟ್ಟಿಕೊಂಡಿದೆ ಎಂದು ಲೆಕ್ಕ. ನನ್ನದು 1.05. ಆಮೇಲೆ ಡಾಪ್ಲರ್, ಅಂದರೆ ನಾಳದಲ್ಲಿ ರಕ್ತ ಓಡುವುದನ್ನು ಸದ್ದಿನಲ್ಲಿ ಕೇಳಿಸುವ ಪರೀಕ್ಷೆ. ಒಂದು ಸ್ಟೂಲಿನ ಮೇಲೆ ನಿಲ್ಲಿಸಿ, ಜೆಲ್ ಹಚ್ಚಿ, ಹುಡುಗ ನನ್ನ ಮೀನಖಂಡವನ್ನು ಹಿಂಡಿ ಬಿಟ್ಟ. ಮಿಷನ್ನಿನಲ್ಲಿ ಒಂದು ಸಲ ಭುಸ್ ಅಂತು, ಅದು ರಕ್ತ ಮೇಲೆ ಹೋದದ್ದು. ಕೈ ಬಿಟ್ಟ ಮೇಲೆ ಸದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಉದ್ದಕ್ಕೆ ಎಳೆಯಿತು. ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಸೋರಿದರೆ ಅಲ್ಲಿನ ಕವಾಟ, ಅಂದರೆ ರಕ್ತ ಹಿಂದಕ್ಕೆ ಬಾರದಂತೆ ತಡೆಯುವ ನಾಳದೊಳಗಿನ ಬಾಗಿಲು, ಕೆಟ್ಟಿದೆ ಎಂದರ್ಥ. ಹೋದ ರಕ್ತ ತಿರುಗಿ ಬಂದು ಕಾಲಲ್ಲೇ ನಿಲ್ಲುತ್ತಿತ್ತು. ಚರ್ಮ ಕಪ್ಪಾದದ್ದೂ ಅದಕ್ಕೇ. ಹಾಗೇ ಬಿಟ್ಟಿದ್ದರೆ ಅಲ್ಲಿ ಒಡೆದು ಹುಣ್ಣಾಗಬಹುದಿತ್ತು, ಅಂಥ ಹುಣ್ಣು ತಿಂಗಳುಗಟ್ಟಲೆ ಮಾಯದೆ ಉಳಿಯಬಹುದು.

ಡಾಕ್ಟರು ಹೇಳಿದ ಒಂದು ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅಲ್ಲಾಡದೆ ನಿಂತಾಗ ಪಾದದ ಗಂಟಿನ ಹತ್ತಿರ, ರಕ್ತ ಮೇಲೆ ಒಯ್ಯುವ ಅಭಿಧಮನಿಯ ಒತ್ತಡ 90ರ ಹತ್ತಿರ ಇರುತ್ತದಂತೆ, ಬಿಪಿ ಅಳೆಯುವ ಅದೇ ಪಾದರಸದ ಲೆಕ್ಕದಲ್ಲಿ. ನಡೆಯತೊಡಗಿದರೆ ಏಳೆಂಟು ಹೆಜ್ಜೆಯೊಳಗೆ ಅದು 30ಕ್ಕೆ ಇಳಿಯುತ್ತದೆ, ಕವಾಟ ಸರಿ ಇದ್ದರೆ. ಮೀನಖಂಡ ಬಿಗಿಯಾದಾಗಲೆಲ್ಲ ಒಳಗಿನ ನಾಳವನ್ನು ಹಿಂಡಿ ರಕ್ತವನ್ನು ಮೇಲೆ ದಬ್ಬುತ್ತದೆ. ಹೃದಯ ಕೆಳಗೆ ಕಳಿಸಿದ್ದನ್ನು ವಾಪಸು ಕಳಿಸುವ ಪಂಪು ಅದೇ. ನಾನು ದಿನಕ್ಕೆ ಹನ್ನೆರಡು ಗಂಟೆ ಆ ಪಂಪು ಬಂದ್ ಮಾಡಿ ನಿಂತಿದ್ದೆ.

ಇಲ್ಲಿ ನಮ್ಮ ಗಲ್ಲಾದ ಶೆಟ್ರ ಕಥೆ ಹೇಳದೆ ಮುಂದೆ ಹೋಗಬಾರದು. ಅವರಿಗೆ ಸಕ್ಕರೆ ಕಾಯಿಲೆ, ಜೊತೆಗೆ ಸಿಗರೇಟು. ಡಾಕ್ಟರು ಬರೆದುಕೊಟ್ಟ, ಕಾಲನ್ನು ಒತ್ತಿ ಹಿಡಿಯುವ ಬಿಗಿ ಕಾಲುಚೀಲ ನನಗೆ ಬಂದ ಮೇಲೆ, "ಭಟ್ರೇ, ನನಗೂ ಅಂಥದ್ದೊಂದು ತನ್ನಿ ಮಾರಾಯ್ರೆ, ನನ್ನ ಕಾಲೂ ನೋಯುತ್ತದೆ" ಅಂದರು. ತರುವವನಿದ್ದೆ. ಆದರೆ ಅವರ ನೋವು ಕೇಳುತ್ತ ಹೋದರೆ ನನ್ನದಕ್ಕೆ ಪೂರ್ತಿ ಉಲ್ಟಾ. ಸ್ಟೇಷನ್ನಿನಿಂದ ಬರುವಾಗ ದಿನವೂ ಅದೇ ಪಾನ್ ಅಂಗಡಿಯ ಹತ್ತಿರ ಮೀನಖಂಡ ಹಿಡಿಯುವುದು, ಎರಡು ನಿಮಿಷ ನಿಂತರೆ ಬಿಡುವುದು. ನನಗೆ ನಿಂತರೆ ನೋವು, ಅವರಿಗೆ ನಡೆದರೆ. ರಾತ್ರಿ ನಾನು ಕಾಲು ಮೇಲೆ ಇಟ್ಟರೆ ಸುಖ. ಅವರು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ನಿದ್ದೆ. ಕಾಲು ಮುಟ್ಟಿ ನೋಡಿದರೆ ತಣ್ಣಗೆ. ಎಳೆದುಕೊಂಡೇ ಡಾಕ್ಟರರ ಹತ್ತಿರ ಹೋದೆ. ಅವರ ಲೆಕ್ಕ 0.5ಕ್ಕಿಂತ ಕೆಳಗೆ ಬಂತು. ಬಿಗಿ ಕಾಲುಚೀಲ ಹಾಕಿಸಿದ್ದರೆ ಇಳಿಯುತ್ತಿದ್ದ ಅಷ್ಟಿಷ್ಟು ರಕ್ತವೂ ನಿಲ್ಲುತ್ತಿತ್ತು. ಅವರಿಗೆ ಬಲೂನ್ ಹಾಕಿ ನಾಳ ಬಿಡಿಸಿದರು. ಸಿಗರೇಟು ಬಿಟ್ಟಿದ್ದಾರೆ, ಕನಿಷ್ಠ ನನ್ನ ಎದುರು.

ಇನ್ನು ನನ್ನ ಕಾಲುಚೀಲ. ಮೊದಲನೆಯದನ್ನು ಅಂಗಡಿಯವನು ಕಣ್ಣಳತೆಯಲ್ಲೇ ಕೊಟ್ಟ. ಅದು ಮೊಣಕಾಲ ಹಿಂದೆ ಮಡಚಿಕೊಂಡು ದಾರದ ಹಾಗೆ ಕೊಯ್ದಿತು. ಬೆಳಿಗ್ಗೆ ಬಾವು ಏರುವ ಮೊದಲು, ಗಂಟಿನ ಮೇಲೆ ಅತಿ ಸಣ್ಣ ಜಾಗ, ಮೀನಖಂಡದ ಅತಿ ದಪ್ಪ ಜಾಗ, ಮೊಣಕಾಲಿನವರೆಗಿನ ಎತ್ತರ, ಈ ಮೂರು ಅಳೆದು ಕೊಳ್ಳಬೇಕು. ನನಗೆ ಬರೆದದ್ದು ಕ್ಲಾಸ್ 2, ಅಂದರೆ ಗಂಟಿನ ಹತ್ತಿರ 23ರಿಂದ 32ರ ಒತ್ತಡ, ಮೇಲೆ ಹೋದ ಹಾಗೆ ಕಡಿಮೆ. ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಹಾಕಬೇಕು. ಹಿಮ್ಮಡಿಯವರೆಗೆ ಒಳಗಿನದು ಹೊರಗೆ ಮಾಡಿ, ಪಾದ ತೂರಿಸಿ, ಪಾತ್ರೆ ತೊಳೆಯುವ ರಬ್ಬರ್ ಕೈಚೀಲ ಹಾಕಿಕೊಂಡು ಸವರುತ್ತ ಮೇಲೇರಿಸಿದರೆ ಬರುತ್ತದೆ. ಮೊದಲ ವಾರ ಹದಿನೈದು ನಿಮಿಷ ಬೇಕಾಯಿತು, 5:40ರ ಲೋಕಲ್ ರೈಲು ಎರಡು ದಿನ ತಪ್ಪಿತು. ಮೇ ತಿಂಗಳಲ್ಲಿ ಕಾವಲಿಯ ಮುಂದೆ ಇದನ್ನು ಹಾಕಿ ನಿಲ್ಲುವುದು ಶಿಕ್ಷೆಯೇ, ಸುಳ್ಳು ಹೇಳುವುದಿಲ್ಲ. ಮಳೆಗಾಲದಲ್ಲಿ ಒಣಗುವುದಿಲ್ಲ, ಎರಡು ಜೊತೆ ಬೇಕು. ಆರು ತಿಂಗಳಿಗೆ ಬಿಗಿ ಹೋಗುತ್ತದೆ. ಹಾಕಲು ಸುಲಭವಾಯಿತು ಎಂದು ಖುಷಿಯಾದ ದಿನವೇ ಹೊಸದು ಕೊಳ್ಳಬೇಕಾದ ದಿನ.

ಕೆಲಸ ಬಿಡುವ ಹಾಗಿಲ್ಲ. ಹಾಗಾಗಿ ಕೆಲಸದೊಳಗೇ ಕಾಲನ್ನು ಆಡಿಸಬೇಕಾಯಿತು. ದೊಡ್ಡ ಕಾವಲಿಯಲ್ಲಿ ಒಮ್ಮೆಗೆ ಆರು ದೋಸೆ. ನೀರು ಚಿಮುಕಿಸಿ, ಹಿಡಿಸೂಡಿಯಿಂದ ಗುಡಿಸಿ, ಹಿಟ್ಟು ಹೊಯ್ದು ತಿರುಗಿಸುವಾಗ ಪಾದ ನೆಲಕ್ಕೆ ಗಟ್ಟಿ. ಎಣ್ಣೆ ಬಿಟ್ಟ ಮೇಲೆ ದೋಸೆ ಕೆಂಪಾಗುವವರೆಗೆ ನಮಗೆ ಕೆಲಸವಿಲ್ಲ. ಆ ಹೊತ್ತಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು, ಇಪ್ಪತ್ತು ಸಲ. ಮೊದಮೊದಲು ಉತ್ಸಾಹಕ್ಕೆ ಹಿಟ್ಟು ಹೊಯ್ಯುವಾಗಲೂ ಎತ್ತಿ, ಎಣ್ಣೆ ಬಿದ್ದ ನೆಲದಲ್ಲಿ ಜಾರಿ, ಕೈ ಕಾವಲಿಗೆ ತಾಗಿ ಸುಟ್ಟುಕೊಂಡೆ. ಈಗ ಕಾಲಡಿಗೆ ರಬ್ಬರ್ ಮ್ಯಾಟ್ ಇದೆ. ಪಕ್ಕದಲ್ಲಿ ಇಟ್ಟಿಗೆ ಎತ್ತರದ ಒಂದು ಹಲಗೆ, ಅದರ ಮೇಲೆ ಒಮ್ಮೆ ಬಲಗಾಲು, ಒಮ್ಮೆ ಎಡಗಾಲು.

ಮೂರು ಗಂಟೆಗೆ ಕಾವಲಿ ಆರಿಸಿದ ಮೇಲೆ ಉಗ್ರಾಣದಲ್ಲಿ ಅಕ್ಕಿ ಗೋಣಿಗೆ ಕಾಲು ಏರಿಸಿ ಹದಿನೈದು ನಿಮಿಷ ಮಲಗುತ್ತೇನೆ. ಕಾಲು ಎದೆಗಿಂತ ಮೇಲೆ ಇರಬೇಕು, ಸ್ಟೂಲಿನ ಮೇಲೆ ಇಟ್ಟು ಕೂತರೆ ಸಾಲದು. "ಭಟ್ರು ಶೀರ್ಷಾಸನಕ್ಕೆ ತಯಾರಿ ಮಾಡ್ತಿದ್ದಾರೆ" ಎಂದು ಹುಡುಗರು ನಕ್ಕರು. ಮನೆಯಲ್ಲಿ ಮಂಚದ ಕಾಲುದೆಸೆಗೆ ಎರಡು ಇಟ್ಟಿಗೆ ಕೊಟ್ಟಿದ್ದೇನೆ. ಹೆಂಡತಿ ತಲೆದಿಂಬು ಜಾರುತ್ತದೆ ಎಂದು ಬೈದು, ಈಗ ಅಭ್ಯಾಸ ಮಾಡಿಕೊಂಡಿದ್ದಾಳೆ.

ಡೊಂಬಿವಲಿಯ ಮನೆಯಿಂದ ಬರುವುದಕ್ಕೆ ಮೊದಲು ಸ್ಲೋ ಲೋಕಲ್ ಹಿಡಿಯುತ್ತಿದ್ದೆ, ಮಾಟುಂಗದಲ್ಲಿ ಫಾಸ್ಟ್ ನಿಲ್ಲುವುದಿಲ್ಲವಲ್ಲ. ಈಗ ಫಾಸ್ಟ್ ಹತ್ತಿ ದಾದರಿನಲ್ಲಿ ಇಳಿದು, ಪಾರ್ಸಿ ಕಾಲನಿ, ಫೈವ್ ಗಾರ್ಡನ್ಸ್ ದಾಟಿ ನಡೆದೇ ಹೋಟೆಲಿಗೆ ಬರುತ್ತೇನೆ. ಆ ಮರಗಳ ನೆರಳಲ್ಲಿ ಬೆಳಿಗ್ಗೆ ಆರೂವರೆಗೆ ನಡೆಯುವುದು ನನ್ನ ಇಡೀ ದಿನದಲ್ಲಿ ಅತ್ಯಂತ ಒಳ್ಳೆಯ ಹೊತ್ತು. ರಾತ್ರಿ ಸ್ಲೋ. ಸೀಟು ಸಿಕ್ಕಿದರೂ ಕಾಲು ಇಳಿಬಿಟ್ಟು ಸುಮ್ಮನೆ ಕೂರುವುದಿಲ್ಲ, ಪಾದವನ್ನು ಮೇಲೆ ಕೆಳಗೆ ಮಾಡುತ್ತಿರುತ್ತೇನೆ. ಎದುರಿನವರು ನೋಡಲಿ.

ಇಷ್ಟೆಲ್ಲ ಮಾಡಿದರೆ ಕೆಟ್ಟ ಕವಾಟ ಸರಿಯಾಗುತ್ತದೆಯೇ? ಇಲ್ಲ. ಅದನ್ನು ಯಾವ ಎಣ್ಣೆಯೂ ವ್ಯಾಯಾಮವೂ ಸರಿ ಮಾಡುವುದಿಲ್ಲ. ಸರಿ ಮಾಡುತ್ತೇನೆ ಎನ್ನುವವರ ಹತ್ತಿರ ಹೋಗಬೇಡಿ. ಬಲಗಾಲಿಗೆ ಒಂದು ವರ್ಷದ ಮೇಲೆ ಲೇಸರ್ ಮಾಡಿಸಿಕೊಂಡೆ. "ಆ ನರ ಸುಟ್ಟು ಮುಚ್ಚಿದರೆ ರಕ್ತ ಎಲ್ಲಿಂದ ಹೋಗುತ್ತದೆ ಡಾಕ್ಟ್ರೇ?" ಎಂದು ಹೆದರಿ ಕೇಳಿದೆ. "ಭಾನುವಾರ ಮೆಗಾಬ್ಲಾಕ್ ಆದಾಗ ನಿಮ್ಮ ಸ್ಲೋ ಗಾಡಿ ಎಲ್ಲಿಂದ ಹೋಗುತ್ತದೆ?" ಅಂದರು. ಮೆಗಾಬ್ಲಾಕ್ ಅಂದರೆ ಹಳಿ ದುರಸ್ತಿಗೆ ಲೈನ್ ಮುಚ್ಚುವುದು. ಆಗ ಸ್ಲೋ ಗಾಡಿ ಹೋಗುವುದು ಫಾಸ್ಟ್ ಲೈನಿನಿಂದ. ಹಾಗೆಯೇ ಮಾಂಸದ ಒಳಗೆ ದೊಡ್ಡ ನಾಳಗಳಿವೆ, ಹೆಚ್ಚಿನ ರಕ್ತ ಮೊದಲಿನಿಂದಲೂ ಹೋಗುವುದು ಅಲ್ಲಿಂದಲೇ. ಅವು ಸರಿ ಇವೆಯೇ ಎಂದು ಡಾಪ್ಲರಿನಲ್ಲಿ ನೋಡಿಯೇ ಲೇಸರ್ ಮಾಡುತ್ತಾರೆ. ಅದೇ ದಿನ ನಡೆದುಕೊಂಡು ಮನೆಗೆ ಬಂದೆ.

ಬಿಪಿ ಮಾತ್ರೆಯ ಪಾಲೂ ಇತ್ತು. ನಾನು ತೆಗೆದುಕೊಳ್ಳುತ್ತಿದ್ದ ಆಮ್ಲೋಡಿಪಿನ್‌ನಿಂದಲೂ ಕೆಲವರ ಕಾಲು ಬಾಯುತ್ತದೆ. ಡಾಕ್ಟರು ಬದಲಾಯಿಸಿ ಕೊಟ್ಟರು, ನಾನಾಗಿ ನಿಲ್ಲಿಸಲಿಲ್ಲ. ಒಂದು ವಿಷಯಕ್ಕೆ ಮಾತ್ರ ಅವರು ಗಟ್ಟಿಯಾಗಿ ಎಚ್ಚರಿಸಿದ್ದರು: ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು, ಬಿಸಿಯಾಗಿ ನೋಯತೊಡಗಿದರೆ ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಗ ತಿಕ್ಕಬಾರದು, ನಾಳೆ ನೋಡೋಣ ಅನ್ನಬಾರದು, ಅದೇ ದಿನ ಆಸ್ಪತ್ರೆಗೆ. ಉಸಿರು ಕಟ್ಟಿದರಂತೂ ಆ ಗಳಿಗೆಯಲ್ಲೇ.

ಬೆಳಿಗ್ಗೆ, ರಾತ್ರಿ ಗಂಟಿನ ಸುತ್ತಳತೆಯನ್ನು ಟೇಪು ಹಿಡಿದು ಕ್ಯಾಲೆಂಡರಿನ ಹಿಂದೆ ಬರೆಯುತ್ತೇನೆ. ಸುರುವಿಗೆ ಬೆಳಿಗ್ಗೆ 24.5 ಸೆಂಟಿಮೀಟರ್ ಇದ್ದದ್ದು ರಾತ್ರಿ 27 ಆಗುತ್ತಿತ್ತು. ಬಲಗಾಲು ಈಗ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಏರುವುದಿಲ್ಲ. ಎಡಗಾಲು ಎರಡು ವರ್ಷ ಕಾಲುಚೀಲದಲ್ಲೇ ನಡೆಯಿತು, ಆದರೆ ಈ ಮಳೆಗಾಲದಲ್ಲಿ ರಾತ್ರಿಯ ಲೆಕ್ಕ ಮತ್ತೆ 26 ದಾಟಿದೆ. ಬುಧವಾರ ರಜೆ ಕೇಳಿದ್ದೇನೆ, ಡಾಪ್ಲರಿಗೆ ಹೆಸರು ಬರೆಸಿದ್ದಾಗಿದೆ. ಆ ದಿನ ಕಾವಲಿಗೆ ಬೈಂದೂರಿನ ಹೊಸ ಹುಡುಗ ನಿಲ್ಲುತ್ತಾನೆ. ನನ್ನನ್ನು ನೋಡಿ ಕಲಿತವನು. ಹಿಮ್ಮಡಿ ಎತ್ತದಿದ್ದರೆ ದೋಸೆ ಕೆಂಪಾಗುವುದಿಲ್ಲ ಅಂತಲೇ ತಿಳಿದಿದ್ದಾನೆ, ನಾನೂ ತಿದ್ದಲಿಕ್ಕೆ ಹೋಗಿಲ್ಲ.