ಹಳೇ ಮೋರಿಸ್ ಮೈನರ್‌ನ ಆಯಿಲ್ ಲೀಕ್: ಪಾರ್ಟ್ ಸಿಗದಿದ್ದಾಗ ನಾನು ಮಾಡಿದ್ದು

ಹಳೇ ಕಾರಿನಲ್ಲಿ ಆಯಿಲ್ ಸೋರಿದರೆ ಎಲ್ಲರೂ ಮೊದಲು ಪಾರ್ಟ್ ಹುಡುಕಲು ಹೊರಡುತ್ತಾರೆ. ನನ್ನ ಕ್ರಮ ಬೇರೆ. ಮೊದಲು ಸೋರುವ ಜಾಗ, ಆಮೇಲೆ ಅಳತೆ, ಪಾರ್ಟ್ ನಂಬರ್ ಕೊನೆಗೆ.

ನನ್ನದು 948 ಸಿಸಿ ಎಂಜಿನ್ ಇರುವ ಮೋರಿಸ್ ಮೈನರ್. ಈ ಎಂಜಿನ್ ಬಂದದ್ದು 1956ರಲ್ಲಿ. ಚೇಂಬರ್, ಅಂದರೆ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಪೂರ್ತಿ ಒದ್ದೆಯಾಗಿತ್ತು, ನೋಡಿದವರೆಲ್ಲ ಚೇಂಬರ್ ಪ್ಯಾಕಿಂಗ್ (ಸಂದಿಯಲ್ಲಿ ಆಯಿಲ್ ತಡೆಯುವ ಪಟ್ಟಿ) ಹೋಗಿದೆ ಅಂದರು. ಆದರೆ ಆಯಿಲ್ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ ಅಲ್ವಾ. ಹಾಗಾಗಿ ತೊಟ್ಟಿಕ್ಕುವ ಜಾಗ ನೋಡಿ ಪ್ರಯೋಜನವಿಲ್ಲ. ಎಂಜಿನ್ನಿನ ಕೊಳೆಯನ್ನೆಲ್ಲ ತೊಳೆದು, ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ, ಸ್ವಲ್ಪ ಹೊತ್ತು ಓಡಿಸಿ ಬಂದೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರುವುದೇ ಮೂಲ. ನನ್ನ ಗಾಡಿಯಲ್ಲಿ ಅದು ಕ್ರ್ಯಾಂಕ್ ಪುಲ್ಲಿಯ ಹಿಂದಿನ ಟೈಮಿಂಗ್ ಕವರ್, ಅಂದರೆ ಎಂಜಿನ್ ಮುಂಭಾಗದಲ್ಲಿ ಟೈಮಿಂಗ್ ಚೈನನ್ನು ಮುಚ್ಚುವ ತಗಡು. ಎಂಜಿನ್ನಿನ ಪಕ್ಕದಲ್ಲಿರುವ ಟ್ಯಾಪೆಟ್ ಕವರ್ ಕೂಡ ಜಿನುಗುತ್ತಿತ್ತು.

ಸ್ಪ್ಯಾನರ್ ಹಿಡಿಯುವ ಮುಂಚೆ ಬ್ರೀದರ್, ಅಂದರೆ ಎಂಜಿನ್ ಒಳಗಿನ ಗಾಳಿ ಹೊರಗೆ ಹೋಗುವ ಪೈಪು, ನೋಡಿ. ಟ್ಯಾಪೆಟ್ ಕವರ್‌ನಿಂದ ಕೆಳಕ್ಕೆ ಇಳಿಯುವ ಆ ಪೈಪು ಕಟ್ಟಿಕೊಂಡಿದ್ದರೆ ಎಂಜಿನ್ ಒಳಗೆ ಒತ್ತಡ ಏರುತ್ತದೆ, ಆಗ ಎಂಥ ಹೊಸ ಸೀಲ್ ಹಾಕಿದರೂ ಆಯಿಲ್ ಹೊರಗೆ ಬರುತ್ತದೆ. ನನ್ನದರಲ್ಲಿ ಗಟ್ಟಿಯಾದ ಮಡ್ಡಿ ತುಂಬಿತ್ತು. ಅದನ್ನು ತೆಗೆದ ಮೇಲೆ ಸೋರುವುದು ಎದ್ದು ಕಾಣುವಷ್ಟು ಕಡಿಮೆಯಾಯಿತು.

ಆಮೇಲೆ ರೇಡಿಯೇಟರ್, ಪುಲ್ಲಿ, ಕವರ್ ಬಿಚ್ಚಿದೆ. ಪುಲ್ಲಿ ಹಾಯುವ ತೂತಿನಲ್ಲಿ ಆಯಿಲ್ ತಡೆಯಲು ಹಳೇ ಕವರ್‌ಗಳಲ್ಲಿ ಫೆಲ್ಟ್ (ಒತ್ತಿದ ಉಣ್ಣೆ) ಉಂಗುರ ಇರುತ್ತದೆ, ನಂತರದವುಗಳಲ್ಲಿ ರಬ್ಬರ್ ಸೀಲ್. ನನ್ನದಕ್ಕೆ ಹಿಂದೆ ಯಾರೋ ರಬ್ಬರ್ ಸೀಲ್ ಇರುವ ಕವರ್ ಹಾಕಿದ್ದರು. ಆ ನಂಬರಿನ ಸೀಲ್ ಎಲ್ಲೂ ಸಿಗಲಿಲ್ಲ. ಆದರೆ ಆಯಿಲ್ ಸೀಲ್ ಅಂದರೆ ಮೂರು ಅಳತೆ ಅಷ್ಟೇ: ಒಳವ್ಯಾಸ, ಹೊರವ್ಯಾಸ, ದಪ್ಪ. ಒಳವ್ಯಾಸಕ್ಕೆ ಪುಲ್ಲಿಯ ಕೊರಳನ್ನು ಅಳೆಯಬೇಕು, ಹೊರವ್ಯಾಸಕ್ಕೆ ಕವರಿನ ತೂತನ್ನು. ಹಳೇ ಸೀಲನ್ನೇ ಅಳೆದರೆ ಸವೆದ ಲೆಕ್ಕ ಬರುತ್ತದೆ. ವರ್ನಿಯರ್‌ನಲ್ಲಿ ಇಂಚಿನಲ್ಲೇ ಅಳೆಯಿರಿ. ಇದು ಇಂಚಿನ ಕಾಲದ ಗಾಡಿ, ಹತ್ತಿರದ ಮಿಲಿಮೀಟರ್ ಸೈಜು ಕೂರುವುದಿಲ್ಲ. ಕಾರಿನ ಹೆಸರೇ ಹೇಳದೆ ಬೇರಿಂಗ್ ಮಾರುವವರಿಗೆ ಆ ಮೂರು ಅಳತೆ ಕೊಟ್ಟೆ, ನೈಟ್ರೈಲ್ ರಬ್ಬರ್‌ನ ಸೀಲ್ ಸಿಕ್ಕಿತು. ಅದು ಯಾವ ಯಂತ್ರಕ್ಕೆಂದು ಮಾಡಿದ್ದೋ, ನನಗೆ ಅದು ಮುಖ್ಯವಲ್ಲ.

ಪುಲ್ಲಿಯ ಕೊರಳಲ್ಲಿ ಹಳೇ ಸೀಲ್ ಉಜ್ಜಿ ಉಜ್ಜಿ ಗೆರೆ ಬಿದ್ದಿತ್ತು. ಹೊಸ ಸೀಲಿನ ತುಟಿ (ಪುಲ್ಲಿಗೆ ತಾಗುವ ಒಳ ಅಂಚು) ಅದೇ ಗೆರೆಯ ಮೇಲೆ ಕೂತರೆ ಮತ್ತೆ ಸೋರುತ್ತದೆ. ಗೆರೆ ಆಳವಾಗಿದ್ದರೆ ತೆಳು ಸ್ಟೀಲ್ ಸ್ಲೀವ್ ಹಾಕಬೇಕು. ನನ್ನದು ಅಷ್ಟು ಆಳ ಇರಲಿಲ್ಲ, ಸೀಲನ್ನು ಒಂಚೂರು ಒಳಕ್ಕೆ ಒತ್ತಿ ಕೂರಿಸಿದೆ, ತುಟಿ ಸವೆಯದ ಜಾಗಕ್ಕೆ ಬಂತು. ಸ್ಪ್ರಿಂಗ್ ಇರುವ ಬದಿ ಆಯಿಲ್ ಕಡೆಗೇ ಇರಬೇಕು. ತುಟಿಗೆ ಆಯಿಲ್ ಸವರದೆ ಜೋಡಿಸಬೇಡಿ.

ಒಳಗೆ ಆಯಿಲನ್ನು ಸೀಲಿನಿಂದ ದೂರಕ್ಕೆ ಎಸೆಯುವ, ತಟ್ಟೆಯಂಥ ಆಯಿಲ್ ಥ್ರೋಯರ್ ಇದೆ. ಅದರ ಮೇಲಿನ ಎಫ್ ಗುರುತು ಹೊರಕ್ಕೆ ಕಾಣಬೇಕು. ಕವರಿನ ಬೋಲ್ಟುಗಳನ್ನು ಬೆರಳಲ್ಲಿ ಹಿಡಿಯುವಷ್ಟೇ ತಿರುಗಿಸಿ, ಪುಲ್ಲಿ ತಳ್ಳಿ ಕವರ್ ಸರಿಯಾಗಿ ನಡುವಿಗೆ ಬಂದ ಮೇಲೆ ಬಿಗಿ ಮಾಡಬೇಕು. ಇದನ್ನು ಬಿಟ್ಟರೆ ಸೀಲ್ ಒಂದು ಬದಿಗೆ ಒತ್ತಿ ಬೇಗ ಹೋಗುತ್ತದೆ. ಇಡೀ ಕೆಲಸದಲ್ಲಿ ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು.

ಟೈಮಿಂಗ್ ಕವರಿನ ಪ್ಯಾಕಿಂಗ್ ನಾನೇ ಕತ್ತರಿಸಿದೆ. ಕವರಿನ ಅಂಚಿಗೆ ಆಯಿಲ್ ಸವರಿ ಪ್ಯಾಕಿಂಗ್ ಪೇಪರ್ ಮೇಲೆ ಒತ್ತಿದರೆ ಅಚ್ಚು ಮೂಡುತ್ತದೆ, ಅದರಂತೆ ಕತ್ತರಿಸಿದರಾಯಿತು. ಟ್ಯಾಪೆಟ್ ಕವರಿಗೆ ಕಾರ್ಕ್ ಶೀಟಿನಲ್ಲಿ ಮಾಡಿಕೊಂಡೆ. ಈ ಕವರ್‌ಗಳು ತಗಡು, ಸೋರುತ್ತದೆಂದು ಬಿಗಿದಷ್ಟೂ ಬಾಗುತ್ತವೆ. ಬಾಗಿದ ಅಂಚನ್ನು ಮರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಮ ಮಾಡಿದೆ. ಸಿಲಿಕೋನ್ ಬಳಿದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ, ಒಳಕ್ಕೆ ಉಬ್ಬಿದ ತುಣುಕು ಕಿತ್ತು ಹೋಗಿ ಆಯಿಲ್ ಎಳೆಯುವ ಜಾಲರಿಗೆ ಸಿಕ್ಕಿಕೊಂಡರೆ ಎಂಜಿನ್ನೇ ಹಾಳಾಗುತ್ತದೆ. ಡ್ರೈನ್ ಪ್ಲಗ್‌ನ ತಾಮ್ರದ ವಾಷರ್ ಅನ್ನು ಕೆಂಪಗೆ ಕಾಯಿಸಿ ತಣಿಸಿದೆ, ಮೆತ್ತಗಾಯಿತು, ಅದನ್ನೇ ಮತ್ತೆ ಹಾಕಿದೆ.

ಎಂಜಿನ್ನಿನ ಹಿಂಬದಿಯಲ್ಲಿ, ಕ್ಲಚ್ ಕಡೆ, ಮಾತ್ರ ಬದಲಿಸಲು ಸೀಲೇ ಇಲ್ಲ. ಕ್ರ್ಯಾಂಕ್ ಮೇಲೆ ಕೊರೆದ ಸುರುಳಿ ಗೆರೆ ತಿರುಗುವಾಗ ಆಯಿಲನ್ನು ವಾಪಸ್ ಒಳಕ್ಕೆ ಎಳೆಯುತ್ತದೆ, ನಿಂತಾಗ ಆ ಕೆಲಸವೂ ನಿಲ್ಲುತ್ತದೆ. ಅಲ್ಲಿಂದ ಒಂದೆರಡು ಹನಿ ಬಂದರೆ ಕ್ಲಚ್ ಹೌಸಿಂಗ್ ಕೆಳಗಿನ ತೂತಿನಿಂದ ಹೊರಗೆ ಬೀಳಬೇಕು. ಆ ತೂತಿನಲ್ಲಿ ನೇತಾಡುವ ಸ್ಪ್ಲಿಟ್ ಪಿನ್ ಅನ್ನು ಯಾರೂ ಕಿತ್ತು ಮುಚ್ಚಬೇಡಿ, ತೂತು ಕಟ್ಟಿದರೆ ಆಯಿಲ್ ಕ್ಲಚ್ ಪ್ಲೇಟಿಗೆ ಹೋಗುತ್ತದೆ. ನನ್ನ ಗಾಡಿಯಲ್ಲಿ ಈಗ ಮುಂಭಾಗ ಪೂರ್ತಿ ಒಣಗಿದೆ. ಹಿಂದೆ ಆಗೊಮ್ಮೆ ಈಗೊಮ್ಮೆ ಒಂದು ಹನಿ ಬೀಳುತ್ತದೆ, ಅದಕ್ಕಾಗಿ ಎಂಜಿನ್ ಇಳಿಸುವುದಿಲ್ಲ.