ಬೀರುವಿನ ರವಿಕೆ ಕಣ ಕೂಸಿನ ಕೌದಿಯಾದದ್ದು

ಈ ವರ್ಷ ಕೂಸಿನ ಕೌದಿ ಹನ್ನೊಂದು ಮುಗಿಸಿದೆ. ಕೌದಿಯ ಮೇಲ್ಬದಿಯ ಚೌಕಗಳಿಗೆ ಅಂಗಡಿಯಿಂದ ಒಂದು ಮೀಟರ್ ಬಟ್ಟೆಯನ್ನೂ ತರಲಿಲ್ಲ. ಸೋಮವಾರಪೇಟೆಯಲ್ಲಿ ನಾನು ನೂಲು ಕೊಳ್ಳುವ ಅಂಗಡಿಯವರು, ನಮ್ಮ ಟೈಲರಣ್ಣ, ಮನೆಯಲ್ಲಿ ಅತ್ತೆ, ಮೂವರೂ ಆಗದು ಅಂದಿದ್ದರು. "ಅರಿಶಿನ ಕುಂಕುಮಕ್ಕೆ ಹೋದಲ್ಲಿ ಕೊಟ್ಟ ಕಣಾನ ಹುಟ್ಟಿದ ಮಗೂಗೆ ಹಾಸ್ತೀಯೇನಮ್ಮ?" ಅಂತ ಅತ್ತೆ ಕೇಳಿದ್ದು ನನಗೆ ಬಹಳ ದಿನ ಚುಚ್ಚಿತ್ತು. ಈಗ ನೆಂಟರಲ್ಲಿ ಯಾರಾದರೂ ಬಸುರಿ ಅಂದರೆ ನನಗೆ ಮೊದಲು ಸುದ್ದಿ ತರುವುದು ಅವರೇ.

ನನ್ನ ಹತ್ತಿರ ಇದ್ದದ್ದು ಸುಮಾರು 90 ರವಿಕೆ ಕಣ, ಚೂಡಿದಾರದ ಕಟ್‌ಪೀಸು, ಅತ್ತೆಯ ಹಳೆ ಹತ್ತಿ ಸೀರೆಗಳು. ಮೊದಲ ಎರಡು ವರ್ಷ ಚಂದ ಕಂಡದ್ದನ್ನು ಎಳೆದು ಕತ್ತರಿಸುತ್ತಿದ್ದೆ. 51ನೇ ಚೌಕಕ್ಕೆ ಬಟ್ಟೆ ಮುಗಿಯಿತು, ಅದೇ ಬಣ್ಣ ಹುಡುಕಿಕೊಂಡು ಮೈಸೂರಿಗೆ ಹೋದೆ, ಬಸ್ ಚಾರ್ಜೇ ಬಟ್ಟೆಯ ಎರಡರಷ್ಟಾಯಿತು. ಮೆರೂನ್ ಬಣ್ಣದ ರುಬಿಯಾ ರವಿಕೆ ಬಟ್ಟೆ ಬಣ್ಣ ಬಿಟ್ಟು ಬಿಳಿ ಚೌಕಗಳೆಲ್ಲ ಗುಲಾಬಿಯಾದಾಗ ಕೊಂಡವರಿಗೆ 1,400 ರೂಪಾಯಿ ವಾಪಸ್ ಕೊಟ್ಟೆ. ಇನ್ನೊಂದರಲ್ಲಿ ಹತ್ತಿಯ ಪಕ್ಕ ಪಾಲಿಯೆಸ್ಟರ್ ಸೇರಿಕೊಂಡಿತ್ತು. ಒಗೆದಾಗ ಹತ್ತಿ ಕುಗ್ಗಿತು, ಅದು ಕುಗ್ಗಲಿಲ್ಲ, ಕೌದಿ ಹಪ್ಪಳದ ಹಾಗೆ ಎದ್ದು ನಿಂತಿತು. ಒಟ್ಟು 4,000ದ ಹತ್ತಿರ ಕಳೆದುಕೊಂಡಿರಬೇಕು.

ಆಮೇಲೆ ಕತ್ತರಿ ಮುಚ್ಚಿಟ್ಟು ಒಂದು ಉದ್ದ ನೋಟ್‌ಬುಕ್ ತಂದೆ. ಪ್ರತಿ ಬಟ್ಟೆಯಿಂದ ನಾಲ್ಕು ಎಳೆ ತೆಗೆದು ಬೆಂಕಿಗೆ ಹಿಡಿದೆ. ಕಾಗದದಂತೆ ಉರಿದು ಬೂದಿಯಾದದ್ದು ಒಳಗೆ, ಕರಗಿ ಗಟ್ಟಿ ಮಣಿಯಾದದ್ದು ಹೊರಗೆ. ಅರ್ಧಕ್ಕಿಂತ ಹೆಚ್ಚು ಕಣ ಇಲ್ಲೇ ಹೋಯಿತು, ಹೊಟ್ಟೆ ಉರಿಯಿತು. ಉಳಿದದ್ದನ್ನು ಬಿಸಿನೀರಲ್ಲಿ ಒಗೆದು, ಒದ್ದೆ ಬಿಳಿ ಬಟ್ಟೆಯ ಮೇಲಿಟ್ಟು ಕಾದ ಇಸ್ತ್ರಿ ಒತ್ತಿದೆ. ಬಿಳಿಗೆ ಕಲೆ ಹತ್ತಿದರೆ ಅದು ಕೂಸಿನ ಕೌದಿಗಲ್ಲ. ಗೆದ್ದ ಬಟ್ಟೆಯ ಬೆರಳಗಲ ತುಂಡನ್ನು ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ಎಷ್ಟು ಚೌಕ ಬರುತ್ತದೆ ಅಂತ ಬರೆದೆ.

80 ಸೆಂಟಿಮೀಟರ್ ಕಣ, 36 ಇಂಚು ಪನ್ನ (ಬಟ್ಟೆಯ ಅಗಲ) ಅಂದರೆ ಐದಿಂಚಿನ ಚೌಕ 42 ಬರಬೇಕು. ಕುಗ್ಗಿ, ಅಂಚು ತೆಗೆದ ಮೇಲೆ ನನಗೆ ಸಿಗುವುದು 36. ಒಂದೊಂದು ಬದಿಗೂ ಕಾಲಿಂಚು ಹೊಲಿಗೆಗೆ ಹೋದರೆ ಚೌಕ ನಾಲ್ಕೂವರೆ, ಎಂಟಕ್ಕೆ ಎಂಟು ಜೋಡಿಸಿದರೆ 36 ಇಂಚಿನ ಕೌದಿ. ಎಂಟು ಬಟ್ಟೆ, ಒಂದೊಂದರಿಂದ ಎಂಟು, ಒಟ್ಟು 64. ಕೆಲವು ಹೆಚ್ಚಿಗೆ ಇರಲಿ ಅಂತ ಪುಸ್ತಕದಲ್ಲಿ 70 ಚೌಕ ಕೂಡದೆ ಒಂದನ್ನೂ ಕತ್ತರಿಸುವುದಿಲ್ಲ.

ಜೋಡಿಸಿ ನೋಡುವಾಗ ನಮ್ಮ ಮನೆಯ ಕೆಂಪು ಗಾರೆ ನೆಲ ಮೋಸ ಮಾಡುತ್ತಿತ್ತು. ಅದರ ಮೇಲೆ ಹಸಿರೆಲ್ಲ ಎದ್ದು ಕಾಣುತ್ತದೆ, ಹೊಲಿದ ಮೇಲೆ ಮಂಕಾಗುತ್ತದೆ. ಈಗ ಬಿಳಿ ದುಪ್ಪಟಿ ಹಾಸಿ, ಚೌಕ ಹರಡಿ, ಮೊಬೈಲಲ್ಲಿ ಕಪ್ಪು ಬಿಳುಪು ಫೋಟೋ ತೆಗೆಯುತ್ತೇನೆ. ಯಾವುದು ಗಾಢ, ಯಾವುದು ತಿಳಿ ಅಂತ ಆಗ ಸರಿಯಾಗಿ ಗೊತ್ತಾಗುತ್ತದೆ. ಎಂಟರಲ್ಲಿ ಗಾಢ ಎಷ್ಟಿರಬೇಕು ಎಂಬ ಲೆಕ್ಕ ಮಾತ್ರ ನನ್ನದೇ, ಅದನ್ನು ಹೇಳುವುದಿಲ್ಲ.

ಒಳಗೆ ಏನು ತುಂಬಬೇಕು ಅನ್ನುವುದರಲ್ಲೇ ನಾನು ಅತಿ ಹೆಚ್ಚು ಸೋತದ್ದು. ಮೈಸೂರಿನಿಂದ ತಂದ ಪಾಲಿಯೆಸ್ಟರ್ ಹಾಳೆ ಮೂರು ಒಗೆತಕ್ಕೆ ಗುಪ್ಪೆಗುಪ್ಪೆಯಾಯಿತು, ನಾನು ಹೊಲಿಗೆ ದೂರದೂರ ಹಾಕಿದ್ದೂ ತಪ್ಪು. ಹಳೆ ಕಂಬಳಿ ಹಾಕಿದರೆ ಜುಲೈಯಲ್ಲಿ ನಾಲ್ಕು ದಿನವಾದರೂ ಒಣಗಲಿಲ್ಲ, ಬೂಷ್ಟು ಹಿಡಿಯಿತು. ಸೋಮವಾರಪೇಟೆ ಪಕ್ಕದ ಶಾಂತಳ್ಳಿ ಕಡೆಯ ಮಳೆ ಕಂಡವರಿಗೆ ಬೇರೆ ಹೇಳಬೇಕಿಲ್ಲ. ಒಲೆಯ ಮೇಲೆ ಒಣಗಿಸಿದ್ದಕ್ಕೆ ಹೊಗೆ ವಾಸನೆ ಅಂತ ದೂರು ಬಂತು. ಕಡೆಗೆ ಕೈ ಹಿಡಿದದ್ದು ಅತ್ತೆಯ ಹತ್ತಿ ಸೀರೆ. ಹಿಂಬದಿಗೆ ಸುತ್ತಲೂ ಎರಡಿಂಚು ಹೆಚ್ಚು, ಅಂದರೆ 40 ಇಂಚು ಬೇಕು. 36 ಪನ್ನದ ಬಟ್ಟೆ ಸಾಲದು, ಸೀರೆಯ ಅಗಲ ಸಾಕು. ಐದೂವರೆ ಮೀಟರಿನಲ್ಲಿ ಸವೆದ ಜಾಗ ಬಿಟ್ಟು 40 ಇಂಚಿನ ನಾಲ್ಕು ತುಂಡು ಬರುತ್ತವೆ. ಒಂದು ಹಿಂಬದಿಗೆ, ಎರಡು ಪದರ ಒಳಗೆ, ಒಂದು ಉಳಿಕೆ. ಒದ್ದೆಯಾದರೂ ಬೇಗ ಒಣಗುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ. ಜರಿ ಅಂಚು ಮಾತ್ರ ಕಿತ್ತುಬಿಡಬೇಕು, ಕೂಸಿನ ಚರ್ಮಕ್ಕೆ ಗೀಚುತ್ತದೆ.

ನಡುವೆ ಕಾಫಿ ಬಣ್ಣದ ಹುಚ್ಚೂ ಹತ್ತಿತ್ತು. ಕಾಫಿ ಹಣ್ಣಿನ ಸಿಪ್ಪೆ ಕುದಿಸಿ, ಪಟಿಕ ಹಾಕಿ ಬಿಳಿ ಮಲ್ ಬಟ್ಟೆ ಅದ್ದಿದೆ. ತಿಳಿ ಕಂದು ಬಹಳ ಮುದ್ದಾಗಿ ಬಂತು, ನಾಲ್ಕು ಒಗೆತಕ್ಕೆ ಮಾಸಿತು. ಮಾರಾಟಕ್ಕೆ ಆಗುವುದಿಲ್ಲ. ಮುಂದಿನ ಕೊಯ್ಲಿಗೆ ಮತ್ತೆ ಮಾಡುವ ಆಸೆ ಇದೆ.

ಈಗ ಒಗೆಯುವುದು, ಒಣಗಿಸುವುದೆಲ್ಲ ಡಿಸೆಂಬರಿನಿಂದ ಮಾರ್ಚ್, ಹೊಲಿಗೆ ಮಳೆಗಾಲಕ್ಕೆ. ಆಗಸ್ಟಿನಲ್ಲಿ ತುರ್ತು ಬಂದರೆ ಗಂಟು ಕಟ್ಟಿಕೊಂಡು ಕುಶಾಲನಗರದ ತಂಗಿ ಮನೆಗೆ ಬಸ್ ಹತ್ತುತ್ತೇನೆ, ಅಲ್ಲಿ ಅಷ್ಟಿಷ್ಟು ಬಿಸಿಲಿರುತ್ತದೆ. ನೂಲು, ಸೂಜಿ, ಕರೆಂಟು ಸೇರಿ ಒಂದಕ್ಕೆ 120 ರೂಪಾಯಿ ಬೀಳಬಹುದು. ಮೆಷಿನ್ನಿನದಕ್ಕೆ 1,800, ಪೂರ್ತಿ ಕೈಹೊಲಿಗೆಯದಕ್ಕೆ 2,600. ಎರಡನ್ನು ನೆಂಟರಿಗೆ ಕೊಟ್ಟೆ, ಉಳಿದ ಒಂಬತ್ತರಿಂದ 18,000 ಚಿಲ್ಲರೆ ಬಂತು. ಕೊಡುವಾಗ ಎಲ್ಲರಿಗೂ ಒಂದು ಮಾತು ಹೇಳುತ್ತೇನೆ: ಇದು ಎಚ್ಚರವಿರುವಾಗ ಹಾಸಿ ಆಡಿಸಲಿಕ್ಕೆ, ವರ್ಷ ತುಂಬುವವರೆಗೆ ಮಲಗಿದ ಕೂಸಿಗೆ ಹೊದಿಸಬೇಡಿ.

ಪುಸ್ತಕದಲ್ಲಿ ಇನ್ನು ಸುಮಾರು 600 ಚೌಕ ಉಳಿದಿವೆ. ಮೊನ್ನೆ ಟೈಲರಣ್ಣ ಕರೆದು ಒಂದು ಚೀಲ ಹತ್ತಿ ಚೂರು ಕೊಟ್ಟರು, ಅವರ ಮಗಳು ಏಳು ತಿಂಗಳ ಬಸುರಿಯಂತೆ. ಸಂಜೆಯಿಂದ ಎಳೆ ಸುಡುತ್ತಾ ಕೂತಿದ್ದೇನೆ.